ತಗ್ಗಿದ ಕಣ್ಣು ಏನು ಹೇಳುತ್ತದೆ?

ಬಾಯಿ ತೆರೆಯುವ ಮೊದಲೇ ಕಣ್ಣು, ಕೈ, ನಿಲುವುಗಳು ಮಾತನಾಡಿಬಿಟ್ಟಿರುತ್ತವೆ. ಇದು ನಮ್ಮವರಿಗೆ ಹೊಸ ವಿಷಯವೇನಲ್ಲ. ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದ ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಕಣ್ಣಿನ ನೋಟವೊಂದಕ್ಕೇ 36 ಭೇದಗಳನ್ನು ಹೇಳಿದ್ದಾನೆ. ಶಿವನು ದಕ್ಷಿಣಾಮೂರ್ತಿಯಾಗಿ ಋಷಿಗಳ ಸಂಶಯವನ್ನು ಕಳೆದದ್ದು ಮೌನದಿಂದ, ಚಿನ್ಮುದ್ರೆಯಿಂದ.

ಇಂದು ಇದೇ ವಿದ್ಯೆಯನ್ನು ‘ಬಾಡಿ ಲ್ಯಾಂಗ್ವೇಜ್’ ಎಂಬ ಹೆಸರಿನಲ್ಲಿ ತರಬೇತಿ ಶಿಬಿರಗಳಲ್ಲಿ ಶುಲ್ಕ ಪಡೆದು ಕಲಿಸುತ್ತಾರೆ. ಸಂವಹನದಲ್ಲಿ ಶಬ್ದದ ಪಾಲು ಶೇ. 7, ಧ್ವನಿಯದು ಶೇ. 38, ಉಳಿದ ಶೇ. 55 ದೇಹದ್ದು ಎಂಬ ಲೆಕ್ಕವು ಅಲ್ಲಿ ಮಂತ್ರದಂತೆ ಪಠಣವಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಅಂಕಿಗಳಿವು. ಅಲ್ಲಿ ಅಳೆದದ್ದು ಮನಸ್ಸಿನ ಇಷ್ಟ-ಅನಿಷ್ಟಗಳು ಹೇಗೆ ಪ್ರಕಟವಾಗುತ್ತವೆ ಎಂಬುದನ್ನು ಮಾತ್ರ. ಎಲ್ಲ ಮಾತಿಗೂ ಈ ಲೆಕ್ಕ ಸಲ್ಲದೆಂದು ಅವರೇ ಸ್ಪಷ್ಟಪಡಿಸಿದ್ದಾರೆ. ಶಬ್ದಕ್ಕೆ ಏಳೇ ಪಾಲಾಗಿದ್ದರೆ ನಮ್ಮ ಪುರಾಣಿಕರು ಪುಸ್ತಕವನ್ನು ಕಟ್ಟಿಟ್ಟು ಬರಿದೇ ಕೈ ಆಡಿಸಿದ್ದರೆ ಸಾಕಿತ್ತು!

ನಗೆಗೆ ಬಿಟ್ಟುಬಿಡುವ ಮಾತಲ್ಲ ಇದು. ಹಳ್ಳಿಯ ಬಡವರ ಮನೆಯ ಹುಡುಗನೊಬ್ಬ ಕಷ್ಟಪಟ್ಟು ಓದಿ ನೌಕರಿಯ ಸಂದರ್ಶನಕ್ಕೆ ಹೋಗುತ್ತಾನೆ. ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದು ಉದ್ಧಟತನವೆಂದು ತಾಯಿ ಅವನಿಗೆ ಕಲಿಸಿದ್ದಾಳೆ. ಅವನು ತಲೆ ತಗ್ಗಿಸಿ ಮೆಲ್ಲಗೆ ಉತ್ತರಿಸುತ್ತಾನೆ. ಮೇಜಿನ ಆಚೆ ಕುಳಿತವರು ‘ಆತ್ಮವಿಶ್ವಾಸವಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ತಾಯಿ ಕೊಟ್ಟ ಸಂಸ್ಕಾರವೇ ಅವನ ಅನ್ನಕ್ಕೆ ಅಡ್ಡಬಂತು. ನಾವು ಒಪ್ಪಿಗೆಯಿಂದ ತಲೆಯನ್ನು ಅತ್ತಿತ್ತ ವಾಲಿಸಿದರೆ ಪರದೇಶದವರು ‘ಇಲ್ಲ’ ಎಂದು ತಿಳಿಯುವುದುಂಟು. ಅವರದು ಅಪರಿಚಯ, ಕ್ಷಮ್ಯ. ಇದೇ ಮಣ್ಣಿನ ಅಧಿಕಾರಿಗಳಿಗೂ ಈ ಹುಡುಗನ ವಿನಯ ಅರ್ಥವಾಗದಿದ್ದರೆ ಹೇಗೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗೆಂದು ತಗ್ಗಿದ ತಲೆಯೆಲ್ಲ ವಿನಯವೂ ಅಲ್ಲ. ಹೆಗಲ ಮೇಲಿನ ವಸ್ತ್ರವನ್ನು ಕಂಕುಳಿಗೆ ಇಳಿಸಿ, ಮೈ ಮುದುರಿ ಬಾಗಿಲಲ್ಲೇ ನಿಲ್ಲುವ ಕೂಲಿಕಾರನಲ್ಲಿ ತಲೆಮಾರುಗಳ ಅಂಜಿಕೆಯಿದೆ. ಅದನ್ನು ಗೌರವವೆಂದು ಸ್ವೀಕರಿಸಿ ಹಿಗ್ಗುವುದು, ಮಠಾಧೀಶರು ಮೊದಲ್ಗೊಂಡು, ಯಾರಿಗೂ ಶೋಭಿಸದು. ಅವನನ್ನು ಒಳಗೆ ಕರೆದು ಕೂಡಿಸಬೇಕು.

ನಿಂತವನ ದೇಹವನ್ನು ಪರೀಕ್ಷಿಸುವವರು ಕುರ್ಚಿಯಲ್ಲಿ ಕುಳಿತವನ ದೇಹವನ್ನೂ ಗಮನಿಸಲಿ. ಬೆಳೆ ಪರಿಹಾರದ ಅರ್ಜಿ ಹಿಡಿದು ಬಂದ ರೈತನಿಗೆ, ಕಂಪ್ಯೂಟರಿನಿಂದ ಮುಖ ತಿರುಗಿಸದೆ ‘ನಾಳೆ ಬಾ’ ಎಂದರೆ, ಆ ‘ನಾಳೆ’ಗಿಂತ ತಿರುಗದ ಮುಖವೇ ಹೆಚ್ಚು ನೋಯಿಸುತ್ತದೆ. ತಲೆಯೆತ್ತಿ ನೋಡಲು ಸರಕಾರದ ಆದೇಶ ಬೇಕಿಲ್ಲ.

ಮನೆಗಳಲ್ಲಿಯೂ ಇದೇ ನಡೆದಿದೆ. ವೃದ್ಧ ತಾಯಿ ಏನನ್ನೋ ಹೇಳತೊಡಗುತ್ತಾಳೆ. ಮಗ ಮೊಬೈಲಿನಲ್ಲಿ ಬೆರಳಾಡಿಸುತ್ತಲೇ ‘ಹೇಳವಾ, ಕೇಳಾಕತ್ತೇನಿ’ ಎನ್ನುತ್ತಾನೆ. ಅವನ ಕಿವಿ ಕೇಳುತ್ತಿರಲೂಬಹುದು. ಆದರೆ ಆಕೆ ಅರ್ಧಕ್ಕೇ ಮಾತು ನಿಲ್ಲಿಸಿ ಒಳಗೆ ಹೋಗುತ್ತಾಳೆ. ಉಳಿದರ್ಧ ಏನಿತ್ತೆಂದು ಅವನು ಕೇಳುವುದೂ ಇಲ್ಲ.