ಆಟಗಾರನ ಮೊಣಕಾಲು

೨೦೨೩ನೆಯ ಮಾರ್ಚಿಯಲ್ಲಿ ಕರ್ನಾಟಕದ ತಂಡವು ರಿಯಾದ್ ನಗರದಲ್ಲಿ ಮೇಘಾಲಯದವರನ್ನು ೩-೨ ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೈಸೂರೆಂಬ ಹೆಸರಿನಲ್ಲಿ ೧೯೬೮-೬೯ರಲ್ಲಿ ಗೆದ್ದ ತರುವಾಯ ಐವತ್ತನಾಲ್ಕು ವರ್ಷಗಳಿಗೆ ದೊರೆತ ಜಯವದು. ನಾಡು ಹಿಗ್ಗಿತು; ನಾವೂ ಹಿಗ್ಗಿದೆವು. ಆದರೆ ಇಂತಹ ತಂಡಗಳಿಗೆ ಮೂಲವಾದ ಲೀಗು ಪಂದ್ಯಗಳಲ್ಲಿ ಸಂಬಳವಿಲ್ಲದೆಯೋ ಅಲ್ಪ ಭತ್ಯಕ್ಕೋ ಆಡುವ ಹವ್ಯಾಸಿ ತರುಣನ ಕಾಲಿಗೆ ಪೆಟ್ಟಾದರೆ ಹೊಣೆ ಯಾರದೆಂದು ಕೇಳುವವರು ವಿರಳ.

ಮೊಣಕಾಲಿನೊಳಗಿನ ಎ.ಸಿ.ಎಲ್. ಎಂಬ ಅಸ್ಥಿರಜ್ಜು, ಓಡುತ್ತಿದ್ದವನು ತಟ್ಟನೆ ತಿರುಗಿದರೆ, ಎದುರಾಳಿಯು ಮುಟ್ಟದೆಯೇ ಹರಿಯಬಹುದು. ಶಸ್ತ್ರಚಿಕಿತ್ಸೆಯಾದ ಮೇಲೂ ಮೈದಾನಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಆ ಅವಧಿಯಲ್ಲಿ ಹುಡುಗನಿಗೆ ನೋವಿಗಿಂತಲೂ ಹೆಚ್ಚಾಗಿ ಕಾಡುವುದು ಉದ್ಯೋಗದ ಚಿಂತೆ. ಹಿಂದೆ ಎಚ್.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳು ತಂಡ ಕಟ್ಟಿ ಆಟಗಾರರಿಗೆ ಕೆಲಸ ಕೊಡುತ್ತಿದ್ದವು; ಆಟ ಮುಗಿದರೂ ಅನ್ನಕ್ಕೆ ದಾರಿಯಿರುತ್ತಿತ್ತು. ಆ ದಾರಿಯೀಗ ಕಿರಿದಾಗಿದೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಉಂಟು, ವಯಸ್ಸಿನಲ್ಲಿ ಐದು ವರ್ಷಗಳವರೆಗೆ ರಿಯಾಯಿತಿಯೂ ಉಂಟು; ಆದರೆ ಅದಕ್ಕೆ ರಾಜ್ಯವನ್ನೋ ವಿಶ್ವವಿದ್ಯಾನಿಲಯವನ್ನೋ ಪ್ರತಿನಿಧಿಸಿರಬೇಕು. ಆಯ್ಕೆಯ ಕಾಲಕ್ಕೆ ಹಾಸಿಗೆ ಹಿಡಿದವನಿಗೆ ರಿಯಾಯಿತಿಯಿಂದ ಏನು ಫಲ? ಆದುದರಿಂದಲೇ ಹುಡುಗರು ನೋವನ್ನು ಮುಚ್ಚಿಟ್ಟು, ಪಟ್ಟಿ ಬಿಗಿದು ಕಣಕ್ಕಿಳಿಯುತ್ತಾರೆ. ಹಿರಿಯರು ಕಂಡೂ ಕಾಣದಂತಿರುತ್ತಾರೆ. ಇದನ್ನು ಕೆಚ್ಚೆಂದು ಹೊಗಳುವವರುಂಟು. ನಮಗಂತೂ ಇದು ನಿರುಪಾಯವೆಂದೇ ತೋರುತ್ತದೆ.

ಪೆಟ್ಟನ್ನು ತಡೆಯುವ ಉಪಾಯ ಗೊತ್ತಿಲ್ಲದ ಸಂಗತಿಯೇನಲ್ಲ. ಫಿಫಾ ಸಂಸ್ಥೆಯವರು ಪ್ರಚಾರಪಡಿಸಿರುವ ‘೧೧+’ ಎಂಬ ಸುಮಾರು ಇಪ್ಪತ್ತು ನಿಮಿಷಗಳ ಅಂಗಸಾಧನೆಯುಂಟು. ನಾರ್ವೆಯಲ್ಲಿ ಬಾಲಕಿಯರ ತಂಡಗಳ ಮೇಲೆ ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ತೀವ್ರ ಗಾಯಗಳು ಹೆಚ್ಚುಕಡಮೆ ಅರ್ಧಕ್ಕಿಳಿದವು. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಒಂದೇ ಮೈದಾನದಲ್ಲಿ ದಿನಕ್ಕೆ ಹಲವು ಪಂದ್ಯ ಮುಗಿಸಬೇಕಾದಾಗ ಇಪ್ಪತ್ತು ನಿಮಿಷ ಎಲ್ಲಿಂದ ತರುವುದೆಂದು ವ್ಯವಸ್ಥಾಪಕರು ಕೇಳಬಹುದು. ಹಾಗಾದರೆ ಒಂದು ಪಂದ್ಯ ಕಡಮೆಯಾಗಲಿ!

ಅಷ್ಟಾದರೂ ಪೆಟ್ಟು ಪೂರ್ತಿಯಾಗಿ ತಪ್ಪದು. ಆಟಗಾರನ ಹೆಸರನ್ನು ನೋಂದಾಯಿಸಿಕೊಳ್ಳುವಾಗಲೇ ಕ್ರೀಡಾಸಂಸ್ಥೆಯೂ ಕ್ಲಬ್ಬೂ ಕೂಡಿ ಅವನ ಅಪಘಾತವಿಮೆಯ ಕಂತನ್ನು ಕಟ್ಟತಕ್ಕದ್ದು. ಶಸ್ತ್ರಚಿಕಿತ್ಸೆಗಾಗಿ ಅವನ ತಾಯಿಯು ಒಡವೆ ಅಡವಿಡಬೇಕಾದ ಪ್ರಸಂಗ ಬರಬಾರದು. ಎರಡನೆಯದಾಗಿ, ಗಾಯದಿಂದ ಕಳೆದುಹೋದ ವರ್ಷವನ್ನು ಸರ್ಕಾರವು ವೈದ್ಯರ ಪ್ರಮಾಣಪತ್ರದ ಆಧಾರದಿಂದ ವಯೋಮಿತಿಯ ಲೆಕ್ಕದಲ್ಲಿ ಬಿಟ್ಟುಕೊಡಲಿ. ಇದರಿಂದ ಬೊಕ್ಕಸಕ್ಕೆ ಹೊರೆಯೇನೂ ಇಲ್ಲ. ನಿಯಮಾವಳಿಯಲ್ಲಿ ಒಂದು ವಾಕ್ಯ ಹೆಚ್ಚಿದರೆ ಸಾಕು.