ಹೊಟ್ಟೆಯೊಳಗಿನ ನಂಟರು

ಪಟ್ಟಂದೂರು ಅಗ್ರಹಾರದ ಸುತ್ತ ಇಂದು ತಂತ್ರಾಂಶ ಸಂಸ್ಥೆಗಳ ಗಾಜಿನ ಸೌಧಗಳು ಎದ್ದು ನಿಂತಿವೆ. ಆದರೂ ಊರಿನ ಹೆಸರಿನ ಕೆರೆಯೊಂದು ಅಲ್ಲಿ ಉಳಿದಿದೆ. ಇಂತಹ ಕೆರೆಯ ದಂಡೆಯಲ್ಲಿ ಮೇಯುವ ಹಸುವಿನ ಹೊಟ್ಟೆಯಲ್ಲಿಯೂ, ನೀರಂಚಿನ ಕಪ್ಪೆಯ ಕರುಳಿನಲ್ಲಿಯೂ ವಿಚಿತ್ರವಾದ ಜೀವಿಗಳು ನೆಲೆಸಿರುತ್ತವೆ. ಒಂದೇ ಜೀವಕೋಶದ ಇವು ಮೈಮೇಲಿನ ಸೂಕ್ಷ್ಮ ರೋಮಗಳನ್ನು ದೋಣಿಯ ಹುಟ್ಟುಗಳಂತೆ ಬೀಸಿ ಈಜುತ್ತವೆ. ಇಂಥವನ್ನು ಸಿಲಿಯೇಟ್‌ಗಳೆಂದು ಕರೆಯುವುದು ವಾಡಿಕೆ. ಆದರೆ ರೋಮವನ್ನು ಕಂಡೊಡನೆ ನಂಟನ್ನು ನಿರ್ಧರಿಸುವಂತಿಲ್ಲ.

ಮೆಲುಕು ಹಾಕುವ ದನದ ಮೊದಲ ಹೊಟ್ಟೆಯಲ್ಲಿ ಇವುಗಳಿರುವುದನ್ನು 1843ರಲ್ಲಿ ಫ್ರಾನ್ಸಿನ ಗ್ರೂಬಿ ಮತ್ತು ದೆಲಾಫಾಂ ಪ್ರಕಟಿಸಿದರು. ಅಲ್ಲಿಯ ಒಂದು ಮಿಲಿಲೀಟರು ರಸದಲ್ಲಿ ಲಕ್ಷಗಟ್ಟಲೆ ಸಿಲಿಯೇಟ್‌ಗಳಿರುವುದುಂಟು. ಐಸೋಟ್ರೈಕಕ್ಕೆ ಮೈತುಂಬ ರೋಮ. ಎಂಟೊಡಿನಿಯಮ್ಮಿಗೆ ಬಾಯಿಯ ಬಳಿ ಮಾತ್ರ ಒಂದು ಕುಚ್ಚು. ನೋಟಕ್ಕೆ ಎರಡಕ್ಕೂ ಸಂಬಂಧವಿಲ್ಲ. ಆದರೆ ವಂಶವಾಹಿಗಳನ್ನು ಹೋಲಿಸಿದಾಗ ಅವು ಒಂದೇ ಮನೆತನದ ಕವಲುಗಳೆಂದು ತಿಳಿದುಬಂದಿತು. ಕರು ಇವನ್ನು ಹುಟ್ಟುವಾಗ ತರುವುದಿಲ್ಲ. ತಾಯಿ ಮೈ ನೆಕ್ಕುವಾಗ ಎಂಜಲಿನ ಮೂಲಕ ಪಡೆಯುತ್ತದೆ. ಹುಟ್ಟಿದೊಡನೆ ಇತರ ದನಗಳಿಂದ ದೂರವಿರಿಸಿದ ಕರುವಿನ ಹೊಟ್ಟೆಯಲ್ಲಿ ಅವು ನೆಲೆಸುವುದೇ ಇಲ್ಲ. ಹೀಗೆ ದನದ ವಂಶದೊಡನೆ ಇವುಗಳ ವಂಶವೂ ಸಾಗಿಬಂದಿದೆ.

ಕಪ್ಪೆಯ ಕರುಳಿನ ಕಥೆ ಇದಕ್ಕೆ ವಿರುದ್ಧವಾದುದು. ಅಲ್ಲಿಯ ಒಪಲೈನದ ಮೈ ಎಲೆಯಂತೆ ಚಪ್ಪಟೆ. ಅದರ ತುಂಬ ಸಾಲುಸಾಲಾಗಿ ರೋಮಗಳು. ಆದುದರಿಂದಲೇ ಅಮೆರಿಕದ ಮೆಟ್‌ಕಾಫ್ 1923ರ ತಮ್ಮ ಗ್ರಂಥದಲ್ಲಿ ಅದನ್ನು ಸಿಲಿಯೇಟ್‌ಗಳೊಡನೆ ಸೇರಿಸಿದ್ದರು. ಆದರೆ ನಿಜವಾದ ಸಿಲಿಯೇಟಿನಲ್ಲಿ ಕೋಶಕೇಂದ್ರಗಳು ಎರಡು ಬಗೆ: ದೊಡ್ಡದು ದಿನನಿತ್ಯದ ವ್ಯವಹಾರ ನೋಡಿಕೊಳ್ಳುತ್ತದೆ, ಚಿಕ್ಕದು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಮೂಲಪತ್ರದಂತೆ ವಂಶದ ಸೊತ್ತನ್ನು ಕಾಯುತ್ತದೆ. ಒಪಲೈನದಲ್ಲಿ ಕೋಶಕೇಂದ್ರಗಳು ಅನೇಕವಿದ್ದರೂ ಎಲ್ಲವೂ ಒಂದೇ ಬಗೆ. ಬಾಯಿಯಂತೂ ಇಲ್ಲವೇ ಇಲ್ಲ. 1985ರಲ್ಲಿ ಪ್ಯಾಟರ್ಸನ್ ಅದರ ಸೂಕ್ಷ್ಮರಚನೆಯನ್ನು ಪರಿಶೀಲಿಸಿ ಬೇರೊಂದು ಬಳಗವನ್ನು ಸೂಚಿಸಿದರು. 2004ರಲ್ಲಿ ವಂಶವಾಹಿಯ ಪರೀಕ್ಷೆಯೂ ಅದನ್ನೇ ಸಮರ್ಥಿಸಿತು.

ಆ ಬಳಗವಾದರೂ ಯಾವುದು? ಕಡಲಿನ ಕಂದುಪಾಚಿಗಳು ಅದಕ್ಕೆ ಸೇರಿವೆ. ಮಳೆಗಾಲದಲ್ಲಿ ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುವ ಕೊಳೆರೋಗದ ಜೀವಿಯೂ ಅದಕ್ಕೇ ಸೇರಿದೆ! ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ವರ್ಣಿಸಿದ ಈ ಜೀವಿಯನ್ನು ಬಹುಕಾಲ ಶಿಲೀಂಧ್ರವೆಂದೇ ಎಣಿಸಲಾಗಿತ್ತು. ಅದರದು ಬೇರೆ ಕುಲವಾದುದರಿಂದಲೇ ಶಿಲೀಂಧ್ರಗಳನ್ನು ಕೊಲ್ಲುವ ಕೆಲವು ಔಷಧಿಗಳು ಅದಕ್ಕೆ ನಾಟುವುದಿಲ್ಲ. ಕಪ್ಪೆಯ ಕರುಳಿನ ಜೀವಿಗೆ ನಂಟರು ಯಾರೆಂಬುದು ಬರಿಯ ಕುತೂಹಲದ ಪ್ರಶ್ನೆಯಂತೆ ತೋರಬಹುದು. ಆದರೆ ಅಂತಹುದೇ ಪ್ರಶ್ನೆ ಅಡಿಕೆ ಬೆಳೆಗಾರನಿಗೆ ಒಂದು ವರ್ಷದ ಫಸಲಿನ ಪ್ರಶ್ನೆಯಾಗುತ್ತದೆ.