ನೋಟಿಸ್ ಯಾರ ಕೈಗೆ ಕೊಡೋದು? ವಿದೇಶಿ ಕಂಪನಿಗೆ ಇಲ್ಲೊಬ್ಬ ಪ್ರತಿನಿಧಿ ಯಾಕೆ ಬೇಕು

ನಮ್ಮ ತಾಲೂಕಿನ ಅಂಗಡಿಗಳಲ್ಲಿ ಟ್ರೇಡ್ ಲೈಸೆನ್ಸ್ ಗೋಡೆಗೆ ತೂಗುಹಾಕಿರುತ್ತಾರೆ. ಅದರಲ್ಲಿ ಮಾಲೀಕರ ಹೆಸರು, ವಿಳಾಸ ಎರಡೂ ಇರುತ್ತೆ. ತೂಕದಲ್ಲಿ ಮೋಸ ಆಯ್ತು, ತೆರಿಗೆ ಬಾಕಿ ಉಳೀತು ಅಂದ್ರೆ ನೋಟಿಸ್ ಯಾರ ಕೈಗೆ ಕೊಡಬೇಕು ಅನ್ನೋ ಪ್ರಶ್ನೆಯೇ ಬರಲ್ಲ. ಆದರೆ ಅದೇ ಅಂಗಡಿಯವರು ದಿನಾ ಆರ್ಡರ್ ತಗೊಳ್ಳೋ ವಾಟ್ಸಾಪ್, ಹೊಸ ಸ್ಟಾಕ್ ತೋರಿಸೋ ಇನ್‌ಸ್ಟಾಗ್ರಾಮ್ ಎರಡರ ಮಾಲೀಕ ಕಂಪನಿ ಇರೋದು ಅಮೆರಿಕದಲ್ಲಿ. ಅಲ್ಲಿ ತಕರಾರು ಬಂದ್ರೆ ನೋಟಿಸ್ ಯಾರ ಕೈಗೆ?

ಇದು ಸಣ್ಣ ಪ್ರಶ್ನೆಯಲ್ಲ. ಇದೇ ಪ್ರಶ್ನೆಗೆ 2024ರಲ್ಲಿ ಬ್ರೆಜಿಲ್ ದೇಶದಲ್ಲಿ ಎಕ್ಸ್, ಅಂದ್ರೆ ಹಳೇ ಟ್ವಿಟರ್, ಒಂದು ತಿಂಗಳಿಗೂ ಹೆಚ್ಚು ಕಾಲ ಬಂದ್ ಆಗಿತ್ತು.

ಬ್ರೆಜಿಲ್‌ನಲ್ಲಿ ಆಗಿದ್ದೇನು?

ಸುಳ್ಳು ಸುದ್ದಿ ಹರಡುತ್ತಿದ್ದ ಕೆಲವು ಖಾತೆಗಳನ್ನು ತಡೆಹಿಡಿಯಿರಿ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಅಲೆಶಾಂಡ್ರೆ ಡಿ ಮೊರೈಸ್ ಆದೇಶ ಕೊಟ್ಟಿದ್ದರು. ಎಕ್ಸ್ ಒಪ್ಪಲಿಲ್ಲ, ಇದು ಸೆನ್ಸಾರ್ ಅಂತ ವಾದ ಮಾಡಿತು. ದಂಡ ಬೀಳುತ್ತಾ ಹೋಯಿತು. ನಮ್ಮ ಪ್ರತಿನಿಧಿಯನ್ನು ಬಂಧಿಸುವ ಬೆದರಿಕೆ ಇದೆ ಅಂತ ಹೇಳಿ ಆಗಸ್ಟ್ 17ರಂದು ಕಂಪನಿ ಬ್ರೆಜಿಲ್ ಕಚೇರಿಯನ್ನೇ ಮುಚ್ಚಿತು. ಆ್ಯಪ್ ಮಾತ್ರ ಎಂದಿನಂತೆ ನಡೀತಾ ಇತ್ತು. ಅಂದ್ರೆ ವ್ಯಾಪಾರ ಉಂಟು, ಗಲ್ಲಾಪೆಟ್ಟಿಗೆ ಹತ್ತಿರ ಮನುಷ್ಯ ಇಲ್ಲ.

ಬ್ರೆಜಿಲ್‌ನ ಸಿವಿಲ್ ಸಂಹಿತೆ ಪ್ರಕಾರ ಅಲ್ಲಿ ಕೆಲಸ ಮಾಡೋ ವಿದೇಶಿ ಕಂಪನಿ ದೇಶದೊಳಗೆ ಕಾಯಂ ಪ್ರತಿನಿಧಿ ಇಟ್ಟಿರಲೇಬೇಕು. ಕೋರ್ಟ್ ಸಮನ್ಸ್ ಪಡೆಯೋ ಅಧಿಕಾರ ಆತನಿಗೆ ಇರಬೇಕು. ಆಗಸ್ಟ್ 28ರಂದು ಕೋರ್ಟ್ 24 ಗಂಟೆ ಗಡುವು ಕೊಟ್ಟಿತು. ತಮಾಷೆ ನೋಡಿ, ಸಮನ್ಸ್ ತಲುಪಿಸೋಕೆ ಮನುಷ್ಯನೇ ಇಲ್ಲದ ಕಾರಣ ಕೋರ್ಟ್ ತನ್ನ ಎಕ್ಸ್ ಖಾತೆಯಲ್ಲೇ ಆದೇಶ ಪೋಸ್ಟ್ ಮಾಡಿ, ಮಾಲೀಕ ಇಲಾನ್ ಮಸ್ಕ್ ಅವರನ್ನು ಟ್ಯಾಗ್ ಮಾಡಬೇಕಾಯ್ತು.

ಗಡುವು ಮುಗಿದ ಮೇಲೆ, ಆಗಸ್ಟ್ 30ರಂದು, ಇಡೀ ದೇಶದಲ್ಲಿ ಎಕ್ಸ್ ನಿಲ್ಲಿಸಲು ಆದೇಶ ಬಂತು. ವಿಪಿಎನ್ ಹಾಕಿ ಬಳಸಿದವರಿಗೆ ದಿನಕ್ಕೆ 50,000 ರಿಯಾಲ್ ದಂಡ ಅಂತಲೂ ಹೇಳಿದರು. ಮಸ್ಕ್ ಅವರ ಇನ್ನೊಂದು ಸಂಸ್ಥೆ ಸ್ಟಾರ್‌ಲಿಂಕ್‌ನ ಬ್ಯಾಂಕ್ ಖಾತೆಗಳಿಗೂ ತಡೆ ಬಿತ್ತು. ಕೊನೆಗೆ ಸೆಪ್ಟೆಂಬರ್‌ನಲ್ಲಿ ಎಕ್ಸ್ ಪ್ರತಿನಿಧಿಯನ್ನು ನೇಮಿಸಿತು, ಆಮೇಲೆ 2.86 ಕೋಟಿ ರಿಯಾಲ್ ದಂಡವನ್ನೂ ಕಟ್ಟಿತು. ಅಕ್ಟೋಬರ್ 8ರಂದು ಸೇವೆ ಮತ್ತೆ ಶುರು ಮಾಡಲು ಅನುಮತಿ ಸಿಕ್ಕಿತು.

ಅಲ್ಲಿ ಕಷ್ಟಪಟ್ಟವರು ಯಾರು? ಕಂಪನಿ ಮತ್ತು ಕೋರ್ಟ್ ಜಗಳದಲ್ಲಿ ಸುಮಾರು 2 ಕೋಟಿ ಬಳಕೆದಾರರು ಹೊರಗೆ ಉಳಿದರು. ಅದರಲ್ಲಿ ಸಣ್ಣ ವ್ಯಾಪಾರಿಗಳೂ ಇದ್ದರು.

ನಮ್ಮಲ್ಲಿ ಏನಿದೆ?

ನಮ್ಮಲ್ಲೂ ಈ ಕಾನೂನು ಹೊಸದಲ್ಲ. 2013ರ ಕಂಪನಿ ಕಾಯ್ದೆಯ 380ನೇ ಕಲಂ ಪ್ರಕಾರ ವಿದೇಶಿ ಕಂಪನಿ ಇಲ್ಲಿ ವ್ಯವಹಾರದ ಜಾಗ ತೆರೆದ 30 ದಿನದೊಳಗೆ, ತನ್ನ ಪರವಾಗಿ ನೋಟಿಸ್ ಸ್ವೀಕರಿಸುವ ಭಾರತ ನಿವಾಸಿಯ ಹೆಸರು, ವಿಳಾಸವನ್ನು ರಿಜಿಸ್ಟ್ರಾರ್‌ಗೆ ಕೊಡಬೇಕು. 2021ರ ಫೆಬ್ರುವರಿಯಲ್ಲಿ ಬಂದ ಐಟಿ ನಿಯಮಗಳು ಇನ್ನೂ ಮುಂದೆ ಹೋದವು. 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸಾಮಾಜಿಕ ಜಾಲತಾಣಗಳು ಮೂವರನ್ನು ನೇಮಿಸಬೇಕು: ಮುಖ್ಯ ಅನುಪಾಲನಾ ಅಧಿಕಾರಿ, ಪೊಲೀಸರ ಜತೆ ಸಂಪರ್ಕಕ್ಕೆ ನೋಡಲ್ ವ್ಯಕ್ತಿ, ಜನರ ದೂರು ಕೇಳೋಕೆ ಕುಂದುಕೊರತೆ ಅಧಿಕಾರಿ. ಮೂವರೂ ಭಾರತದಲ್ಲೇ ವಾಸ ಇರಬೇಕು.

ಟ್ವಿಟರ್ ಇಲ್ಲೂ ತಡ ಮಾಡಿತು. ಗುತ್ತಿಗೆ ಆಧಾರದ ಒಬ್ಬರನ್ನು ಅನುಪಾಲನಾ ಅಧಿಕಾರಿ ಅಂತ ತೋರಿಸಿದಾಗ 2021ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಅಸಮಾಧಾನ ವ್ಯಕ್ತಪಡಿಸಿತು. ಆಮೇಲೆ ಕಾಯಂ ನೇಮಕ ಆಯ್ತು. ಇದರ ಅರ್ಥ ಇಷ್ಟೇ: ಬಾಗಿಲಿಗೆ ಬೋರ್ಡ್ ಹಾಕಿದರೆ ಸಾಲದು, ಒಳಗೆ ಅಧಿಕಾರ ಇರೋ ಮನುಷ್ಯ ಕೂತಿರಬೇಕು.

ಬೆಂಗಳೂರಿನ ಪ್ರಕರಣ

ಇದಕ್ಕೆ ಇನ್ನೊಂದು ಮಗ್ಗಲೂ ಉಂಟು. ಅದು ತೀರ್ಮಾನ ಆಗಿದ್ದು ನಮ್ಮ ರಾಜ್ಯದ ಹೈಕೋರ್ಟ್‌ನಲ್ಲೇ. 2021ರ ಜೂನ್‌ನಲ್ಲಿ ಉತ್ತರ ಪ್ರದೇಶದ ಗಾಜಿಯಾಬಾದ್ ಪೊಲೀಸರು ಒಂದು ವೈರಲ್ ವಿಡಿಯೊ ಕೇಸಿನಲ್ಲಿ, ಬೆಂಗಳೂರಿನಲ್ಲಿದ್ದ ಟ್ವಿಟರ್ ಇಂಡಿಯಾದ ಆಗಿನ ಮುಖ್ಯಸ್ಥರಿಗೆ ಠಾಣೆಗೆ ಬನ್ನಿ ಅಂತ ನೋಟಿಸ್ ಕೊಟ್ಟರು. ಅವರ ವಾದ: ನಾನು ಇಲ್ಲಿನ ಕಂಪನಿಯ ನೌಕರ, ಪೋಸ್ಟ್‌ಗಳ ಮೇಲೆ ನನಗೆ ಹಿಡಿತ ಇಲ್ಲ. ಬಂಧನದ ಭಯ ಇದ್ದ ಆ ನೋಟಿಸನ್ನು ಜುಲೈ 23ರಂದು ಕರ್ನಾಟಕ ಹೈಕೋರ್ಟ್ ಸಾಕ್ಷಿಯನ್ನು ಕರೆಯುವ ನೋಟಿಸ್ ಆಗಿ ಬದಲಿಸಿತು, ಆನ್‌ಲೈನ್‌ನಲ್ಲೇ ವಿಚಾರಣೆಗೂ ಅವಕಾಶ ಕೊಟ್ಟಿತು.

ಎರಡೂ ಮಾತು ನಿಜ. ಪ್ರತಿನಿಧಿ ಇಲ್ಲದಿದ್ದರೆ ಕಂಪನಿ ಕಾನೂನಿಗೆ ಸಿಗಲ್ಲ. ಆದರೆ ಸಿಕ್ಕಿದವರನ್ನೇ ಒತ್ತೆಯಾಳು ತರಹ ಹಿಡಿದರೆ ಆ ಕುರ್ಚಿಯಲ್ಲಿ ಕೂರೋಕೆ ಒಳ್ಳೆಯವರು ಬರಲ್ಲ. ಪ್ರತಿನಿಧಿ ಅಂದ್ರೆ ಕಾನೂನು ತಟ್ಟೋ ಬಾಗಿಲು. ಬಾಗಿಲು ಇರಲೇಬೇಕು, ಅದನ್ನು ಒಡೆಯಬಾರದು.

ಅಂಗಡಿಯವರಿಗೆ ಇದರಿಂದೇನು?

ಹಬ್ಬದ ಸೀಸನ್‌ನಲ್ಲಿ ನಿಮ್ಮ ಪೇಜ್ ಹ್ಯಾಕ್ ಆಯ್ತು ಅಂದ್ಕೊಳ್ಳಿ. ಅಥವಾ ನಿಮ್ಮ ಅಂಗಡಿ ಹೆಸರಲ್ಲಿ ಯಾರೋ ನಕಲಿ ಖಾತೆ ತೆರೆದು ಗಿರಾಕಿಗಳಿಂದ ದುಡ್ಡು ಕೇಳ್ತಿದ್ದಾರೆ. ಆಗ 'ಹೆಲ್ಪ್' ಬಟನ್ ಒತ್ತಿ ಸುಮ್ಮನೆ ಕಾಯಬೇಡಿ. ಆ್ಯಪ್‌ನಲ್ಲಿ ಅಥವಾ ಕಂಪನಿಯ ವೆಬ್‌ಸೈಟ್‌ನಲ್ಲಿ ಭಾರತದ ಕುಂದುಕೊರತೆ ಅಧಿಕಾರಿಯ ಹೆಸರು, ದೂರು ಕೊಡುವ ವಿಧಾನ ಇರಲೇಬೇಕು. ಅವರಿಗೇ ಬರೆಯಿರಿ. ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು ಅಂತ 2021ರ ನಿಯಮದಲ್ಲೇ ಇತ್ತು. ಅವರ ಉತ್ತರ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಆನ್‌ಲೈನ್ ಖರೀದಿಗೂ 2020ರ ಇ-ಕಾಮರ್ಸ್ ನಿಯಮ ಇದೆ: 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ. ಆಗದಿದ್ದರೆ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, ಕಂಪನಿ ಇರೋ ಊರಿಗೆ ಅಲೆಯಬೇಕಿಲ್ಲ. ಒಂದು ಎಚ್ಚರಿಕೆ: ಮಾರೋಕೆ ಅಂತ ತರಿಸಿದ ಸರಕಿಗೆ ಗ್ರಾಹಕ ಕಾಯ್ದೆ ಅನ್ವಯ ಆಗಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ತಾವೇ ಬಳಸಲು ಕೊಂಡ ಹೊಲಿಗೆ ಯಂತ್ರ, ತಕ್ಕಡಿಯಂಥವಕ್ಕೆ ಆಗುತ್ತೆ.

ಎಲ್ಲಕ್ಕೂ ದಾಖಲೆ ಮುಖ್ಯ. ಸ್ಕ್ರೀನ್‌ಶಾಟ್ ತೆಗೆದಿಡಿ, ದೂರಿನ ನಂಬರ್ ಬರೆದಿಡಿ. ಪ್ರತಿನಿಧಿ ಇರಬೇಕು ಅಂತ ಕಾನೂನು ಹಟ ಹಿಡಿದಿರೋದು ಕೋರ್ಟು, ಸರ್ಕಾರಗಳಿಗಾಗಿ ಮಾತ್ರ ಅಲ್ಲ. ನಮ್ಮ ಸಂತೆಪೇಟೆಯ ಅಂಗಡಿಯವರ ಕಾಗದಕ್ಕೂ ಅವರು ಉತ್ತರ ಕೊಡಬೇಕು. ಯಾರೂ ಬರೆಯದಿದ್ದರೆ ಆ ಕುರ್ಚಿ ಇದ್ದೂ ಇಲ್ಲದಂತೆ.